ಜಾಹೀರಾತಿಗೆ ದುಡ್ಡು ಪಡೆದ ಕಂಪನಿಗೆ ಹೊಣೆ ಇಲ್ವಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟವಿದೆ. ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯಲು ಜನ ಸಿಗುವುದಿಲ್ಲ. ಒಂದು ಸೋಷಿಯಲ್ ಮೀಡಿಯಾ ಆಪ್‌ನಲ್ಲಿ ‘ಸಬ್ಸಿಡಿಯಲ್ಲಿ ಅರ್ಧ ಬೆಲೆಗೆ ಸುಲಿಯುವ ಯಂತ್ರ’ ಅಂತ ಜಾಹೀರಾತು ಬಂತು. ಅಪ್ಪಯ್ಯ 18,000 ರೂಪಾಯಿ ಅಡ್ವಾನ್ಸ್ ಕಳಿಸಿದರು. ಯಂತ್ರವೂ ಇಲ್ಲ, ದುಡ್ಡೂ ಇಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇವೆ. ಅದೇ ಜಾಹೀರಾತು ಈಗ ಪಕ್ಕದ ಮನೆಯವರ ಫೋನಿನಲ್ಲಿ ಬರುತ್ತಿದೆ. ಅದನ್ನು ತೋರಿಸಿದ ಕಂಪನಿಯನ್ನು ಯಾರೂ ಕೇಳೋದಿಲ್ವಾ?

ಉತ್ತರ: ಕೇಳಬೇಕು. ಕೇಳಲು ದಾರಿಯೂ ಇದೆ. ಆದರೆ ಆ ಕಂಪನಿಯಿಂದಲೇ ನಿಮ್ಮ 18,000 ವಾಪಸ್ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಕಾರಣ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್. ಬೇರೆಯವರು ಹಾಕಿದ ವಿಷಯಕ್ಕೆ ವೇದಿಕೆ, ಅಂದರೆ ಆಪ್ ನಡೆಸುವ ಕಂಪನಿ, ಹೊಣೆಯಲ್ಲ ಎನ್ನುವ ರಕ್ಷಣೆ ಅದು. ಯಾರೋ ಸುಮ್ನೆ ಬರೆದ ಪೋಸ್ಟಿಗೆ ಈ ರಕ್ಷಣೆ ಸರಿ. ಜಾಹೀರಾತಿನ ಕಥೆಯೇ ಬೇರೆ. ಅಲ್ಲಿ ಕಂಪನಿ ದುಡ್ಡು ಪಡೆಯುತ್ತದೆ, ಯಾರಿಗೆ ತೋರಿಸಬೇಕು ಎಂದು ಆರಿಸುತ್ತದೆ. ಅಡಿಕೆ ಬೆಳೆಗಾರರ ಫೋನಿಗೇ ಅಡಿಕೆ ಯಂತ್ರ ಬಂದದ್ದು ಅದಕ್ಕೇ ಅಲ್ವಾ? 2023ರಲ್ಲಿ ಟ್ರೇಡ್‌ಮಾರ್ಕ್ (ಬ್ರಾಂಡ್ ಹೆಸರಿನ ಹಕ್ಕು) ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್, ಗೂಗಲ್ ತನ್ನ ಜಾಹೀರಾತು ವ್ಯವಹಾರದಲ್ಲಿ ಸಕ್ರಿಯ ಪಾಲುದಾರ ಎಂದಿತು. ವಂಚನೆ ಜಾಹೀರಾತಿಗೂ ಇದೇ ಮಾತು ಸಲ್ಲಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರಲ್ಲಿ ಸಣ್ಣ ದುಡ್ಡಿಲ್ಲ. ತನ್ನ 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು ವಂಚನೆ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರುತ್ತದೆ ಎಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯೇ ಒಳಗೆ ಅಂದಾಜು ಮಾಡಿತ್ತು ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2025ರ ನವೆಂಬರಿನಲ್ಲಿ ವರದಿ ಮಾಡಿತು. ಆ ಲೆಕ್ಕ ಒರಟು, ಜಾಸ್ತಿಯಾಯಿತು ಎಂದು ಮೆಟಾ ಹೇಳಿತು. ಆಸ್ಟ್ರೇಲಿಯಾ 2025ರಲ್ಲಿ ಕಾನೂನು ಮಾಡಿ, ವಂಚನೆ ತಡೆಯದ ಕಂಪನಿಗಳಿಗೆ 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಇಟ್ಟಿದೆ. ನಮಗೂ ಅಂಥದ್ದು ಬೇಕು.

ಈಗ ನೀವು ಮಾಡಬೇಕಾದದ್ದು. ಪಕ್ಕದ ಮನೆಗೆ ಇವತ್ತೇ ಹೋಗಿ. ಜಾಹೀರಾತು ಮಾಯವಾಗುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಪೇಜಿನ ಹೆಸರು, ದಿನಾಂಕ, ಲಿಂಕ್, ‘ಪ್ರಾಯೋಜಿತ’ ಎಂಬ ಗುರುತು ಎಲ್ಲವೂ ಕಾಣಬೇಕು. ಆ ಗುರುತೇ ಇದು ದುಡ್ಡು ಕೊಟ್ಟು ಹಾಕಿಸಿದ್ದು ಎನ್ನುವುದಕ್ಕೆ ಸಾಕ್ಷಿ. ಬರೀ ರಿಪೋರ್ಟ್ ಬಟನ್ ಒತ್ತಿ ಬಿಡಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಬೇಕು. ಅವರಿಗೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಪಡೆಯಿರಿ. ಉತ್ತರ ಸರಿಯಿಲ್ಲದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ವಕೀಲರೇ ಬೇಕೆಂದಿಲ್ಲ.

ಅಪ್ಪಯ್ಯನನ್ನು ಬೈಯಬೇಡಿ. ಯಂತ್ರಗಳಿಗೆ ಸಬ್ಸಿಡಿ ನಿಜವಾಗಿಯೂ ಇದೆ, ಹಾಗಾಗಿ ಯಾರಾದರೂ ನಂಬುತ್ತಾರೆ. ಆದರೆ ಅದಕ್ಕೆ ಅರ್ಜಿ ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ಮೂಲಕವೇ ಹೋಗಬೇಕು.

ಕೊನೆಯದಾಗಿ, ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ. ಈ ಜಾಹೀರಾತಿಗೆ ಯಾವ ಕಾರ್ಡಿನಿಂದ, ಯಾವ ಖಾತೆಯಿಂದ ದುಡ್ಡು ಬಂತು ಎಂದು ಕಂಪನಿಯನ್ನು ಕೇಳಿ ಅಂತ ಬರೆಯಿರಿ. ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ಪೊಲೀಸರು ಆ ದಾಖಲೆ ಕೇಳಬಹುದು. ವಂಚಕನ ಸಿಮ್ ಸ್ವಿಚ್ ಆಫ್ ಆಗಿರಬಹುದು, ಅವನು ಜಾಹೀರಾತಿಗೆ ಕಟ್ಟಿದ ಹಣದ ಲೆಕ್ಕ ಕಂಪನಿ ಹತ್ತಿರ ಇದ್ದೇ ಇರುತ್ತದೆ.