ಪ್ರತಿಕ್ರಿಯೆ: ಹಡಗಿನ ಎಂಜಿನ್ ಬದಲಿಸಲು ಮೈ ಕತ್ತರಿಸಲೇಬೇಕೇ?

ಹಾವೇರಿಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುತ್ತಿರುವ ನೀವು, ಹಡಗಿನ ಎಂಜಿನ್ ಬದಲಿಸಲು ಅದರ ಮೈ ಕತ್ತರಿಸಬೇಕೇ, ಹೊಸದನ್ನು ಕೂರಿಸಿದ ಮೇಲೆ ಅಲೈನ್‌ಮೆಂಟನ್ನು (ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿವೆಯೇ ಎಂಬುದನ್ನು) ನೀರಿನಲ್ಲಿ ಮತ್ತೆ ನೋಡುವುದೇಕೆ ಎಂದು ಕೇಳಿದ್ದೀರಿ. ಧಾರವಾಡದವನಾದ ನಾನು ಕೆಲವು ವರ್ಷ ಕರಾವಳಿಯ ಡಾಕ್‌ನಲ್ಲಿ (ಹಡಗು ದುರಸ್ತಿ ಕಟ್ಟೆಯಲ್ಲಿ) ಫಿಟ್ಟರ್ ಆಗಿದ್ದೆ.

ನಮ್ಮ ಹುಬ್ಬಳ್ಳಿಯ ರೈಲ್ವೆ ಡೀಸೆಲ್ ಶೆಡ್‌ನಲ್ಲಿ ಲೋಕೋದ ಮೇಲ್ಹೊದಿಕೆ ಬಿಚ್ಚಿ ಎಂಜಿನನ್ನು ಕ್ರೇನಿನಿಂದ ಎತ್ತಿಬಿಡಬಹುದು. ಹಡಗಿನಲ್ಲಿ ಮೇಲೆ ಹಲವು ಡೆಕ್‌ಗಳಿರುವುದರಿಂದ ಸಾಮಾನ್ಯವಾಗಿ ಪಕ್ಕದ ಉಕ್ಕಿನ ತಗಡನ್ನೇ ಕತ್ತರಿಸಿ, ಹಳಿಗಳ ಮೇಲೆ ಜಾರಿಸಿ ಹೊರಗೆಳೆಯುತ್ತಾರೆ. ‘ಕ್ವೀನ್ ಎಲಿಜಬೆತ್ 2’ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗಿಗೆ 1986-87ರಲ್ಲಿ ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ಉಗಿ ಯಂತ್ರಗಳ ಬದಲು 9 ಡೀಸೆಲ್ ಎಂಜಿನ್ ಹಾಕುವಾಗ ಚಿಮಣಿಯನ್ನೇ ಕಳಚಿ ಆ ದಾರಿಯನ್ನು ಬಳಸಿದ್ದರು.

ಎರಡನೆಯ ಪ್ರಶ್ನೆಯೇ ನಿಜವಾಗಿ ಮುಖ್ಯವಾದದ್ದು. ಡಾಕ್‌ನ ದಿಮ್ಮಿಗಳ ಮೇಲೆ ಕುಳಿತ ಹಡಗಿನ ತಳವೂ ತೇಲುವ ಹಡಗಿನ ತಳವೂ ಒಂದೇ ಆಕಾರದಲ್ಲಿರುವುದಿಲ್ಲ. ಡೆಕ್‌ಗೆ ಬಿಸಿಲು ತಗಲಿದರೂ ಹಡಗಿನ ಮೈ ಬಾಗುತ್ತದೆ. ಆದ್ದರಿಂದ ನಾವು ನಸುಕಿನಲ್ಲೇ ಕ್ರ್ಯಾಂಕ್ ವೆಬ್‌ಗಳ (ಕ್ರ್ಯಾಂಕ್ ಶಾಫ್ಟಿನ ತೋಳುಗಳ) ನಡುವೆ ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಸಿಕ್ಕಿಸಿ, ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತ, ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಆ ಅಂತರದ ವ್ಯತ್ಯಾಸ ಬರೆದುಕೊಳ್ಳುತ್ತಿದ್ದೆವು. ಎಂಜಿನನ್ನು ಎತ್ತಿ ಇಳಿಸುವ ಜಾಕಿಂಗ್ ಬೋಲ್ಟ್‌ಗಳಿಂದ ಮಟ್ಟ ಸರಿಪಡಿಸಿದ ಬಳಿಕವೇ ಎಂಜಿನ್ ಪಾದದ ಕೆಳಗೆ ಎಪಾಕ್ಸಿ (ಗಟ್ಟಿಯಾಗುವ ರಾಳ) ಸುರಿಯಬೇಕು, ಅದು ಪೂರ್ತಿ ಗಟ್ಟಿಯಾದ ಮೇಲೆ ಬುನಾದಿಯ ಬೋಲ್ಟ್ ಬಿಗಿಯಬೇಕು. ಒಮ್ಮೆ ನಮ್ಮ ಮೇಲ್ವಿಚಾರಕರೊಬ್ಬರು ಅವಸರಪಟ್ಟು ಮಧ್ಯಾಹ್ನದ ಅಳತೆಯನ್ನೇ ನಂಬಿದ್ದರಿಂದ, ಆ ಎಪಾಕ್ಸಿಯನ್ನು ಎರಡು ದಿನ ಉಳಿಯಿಂದ ಒಡೆದು ತೆಗೆಯಬೇಕಾಯಿತು.