ಕೇಳದೆ ಹಾಕಿದ ವಂಕಿ

ಪತ್ರ: ತಾಲ್ಲೂಕು ಆಸ್ಪತ್ರೆಯಲ್ಲಿ ಎರಡನೇ ಹೆರಿಗೆ ಆಯಿತು. ಆಮೇಲೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಒಳಗೆ ಕಾಪರ್-ಟಿ ಇರುವುದು ಗೊತ್ತಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ತೆಗೆಯಿರಿ ಎಂದರೆ ಸಿಸ್ಟರ್, ‘ಪುಕ್ಕಟೆ ಹಾಕಿದ್ದಾರೆ, ಸುಮ್ನಿರಮ್ಮ’ ಎಂದು ಗದರಿದರು. ಅತ್ತೆಯೂ ಒಳ್ಳೇದೇ ಆಯ್ತು ಅಂತಾರೆ. ನಾನು ದೂರುವುದು ತಪ್ಪಾ?
– ಹೆಸರು ಬೇಡ ಎಂದಿರುವ ಓದುಗರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಖಂಡಿತ ತಪ್ಪಲ್ಲ. ವಂಕಿ, ಅಂದರೆ ಕಾಪರ್-ಟಿ, ಗರ್ಭ ತಡೆಯಲು ಒಳ್ಳೆಯ ಸಾಧನವೇ. ಹೆರಿಗೆಯಾದ 48 ಗಂಟೆಯೊಳಗೆ ಹಾಕಬಹುದು, ಕಾಪರ್-ಟಿ 380ಎ 10 ವರ್ಷ ಕೆಲಸ ಮಾಡುತ್ತದೆ. ಆದರೆ ಬಸುರಿಯಿದ್ದಾಗಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಹೆರಿಗೆ ನೋವು ತಿನ್ನುತ್ತಿರುವವಳನ್ನು ‘ಹಾಕ್ಲಾ?’ ಎಂದು ಕೇಳಿದರೂ ಅದು ಒಪ್ಪಿಗೆಯಲ್ಲ. ನಿಮ್ಮನ್ನಂತೂ ಅಷ್ಟೂ ಕೇಳಿಲ್ಲ.

ಯಾಕೆ ಹೀಗಾಗುತ್ತದೆ? ಹೆರಿಗೆಯಾದ ಕೂಡಲೇ ವಂಕಿ ಹಾಕಿದವರಿಗೆ, ಜೊತೆಗೆ ಬಂದ ಆಶಾ ಕಾರ್ಯಕರ್ತೆಗೆ ಕೇಂದ್ರದ ಯೋಜನೆಯಲ್ಲಿ ತಲಾ 150 ರೂಪಾಯಿ ಪ್ರೋತ್ಸಾಹಧನವಿದೆ. ಕೇಂದ್ರ ಸರ್ಕಾರ 1996ರಲ್ಲೇ ಕುಟುಂಬ ಯೋಜನೆಯ ಟಾರ್ಗೆಟ್ ಕೈಬಿಟ್ಟಿತು, ಕಾಗದದ ಮೇಲೆ. ತಿಂಗಳ ಕೊನೆಗೆ ‘ಎಷ್ಟಾಯ್ತು?’ ಎಂಬ ಪ್ರಶ್ನೆ ಮಾತ್ರ ಹೋಗಿಲ್ಲ. ಆ ಸಿಸ್ಟರ್‌ಗೂ ಮೇಲಿನವರು ಅದನ್ನೇ ಕೇಳುತ್ತಿರಬಹುದು. ಹಾಗಂತ ಗದರುವುದನ್ನು ಒಪ್ಪಲಾಗದು.

ಲೆಕ್ಕದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂದು 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ನೋಡಿದೆವು. ಪಾಳು ಬಿದ್ದಿದ್ದ ಆಸ್ಪತ್ರೆಯಲ್ಲಿ ಒಬ್ಬರೇ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದರು. ಆಗ ಅಲ್ಲಿ ನಡೆದ ಸಂತಾನಹರಣ ಶಿಬಿರಗಳಿಗೆ ಬಂದ 13 ಮಂದಿ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. (1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಕ್ಲಿನಿಕ್ ತೆರೆಯಲು ಆದೇಶಿಸಿದ್ದ ಮೈಸೂರು ಸೀಮೆಯವರು ನಾವು. ಕೇಳಿ ಹಾಕುವುದನ್ನು ಇಷ್ಟು ಹೊತ್ತಿಗೆ ಕಲಿತಿರಬೇಕಿತ್ತು, ಅಲ್ವಾ?)

ಈಗ ನಿಮ್ಮ ವಿಷಯ. ಜಿಲ್ಲಾಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ನೋಡಿ. ನೋವು ವಂಕಿಯದೋ ಬೇರೆಯದೋ ಅವರು ನೋಡಲಿ. ವಂಕಿಯ ದಾರ ಕೈಗೆ ಸಿಕ್ಕರೂ ನೀವೇ ಎಳೆಯಬೇಡಿ. ತೆಗೆಸುವುದಕ್ಕೆ ಕಾರಣ ಕೊಡಬೇಕಿಲ್ಲ, ಗಂಡನ ಸಹಿಯೂ ಬೇಕಿಲ್ಲ. ಸಾಮಾನ್ಯವಾಗಿ ಐದು ನಿಮಿಷದ ಕೆಲಸ. ಹೆರಿಗೆ ಆಸ್ಪತ್ರೆಯಲ್ಲಿ ಒಪ್ಪಿಗೆಯ ಹಾಳೆ ಇದೆಯೇ ಕೇಳಿ. ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ತೆಗೆದ ಕೂಡಲೇ ಮತ್ತೆ ಬಸಿರಾಗಬಹುದು. ಹಾಗಾಗಿ ಮುಂದೇನು ಎಂದು ಮೊದಲೇ ತೀರ್ಮಾನಿಸಿ. ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್ ಇದೆ, ಮುಟ್ಟು ಏರುಪೇರಾಗುತ್ತದೆ. ಛಾಯಾ ಮಾತ್ರೆ ಇದೆ, ಹಾಲುಣಿಸುವವರೂ ತೆಗೆದುಕೊಳ್ಳಬಹುದು. ಇನ್ನು ಮಕ್ಕಳು ಸಾಕು ಎಂದಾದರೆ ನಿಮ್ಮ ಯಜಮಾನರನ್ನೂ ಡಾಕ್ಟರ ಮುಂದೆ ಕೂರಿಸಿ. ಗಂಡಸರ ಸಂತಾನಹರಣ ಆಪರೇಷನ್ ಆದ ಎನ್‌ಎಸ್‌ವಿಗೆ ಹೊಲಿಗೆಯೇ ಬೇಡ. ಆಮೇಲೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ.