ತೆರಿಗೆಗೆ ಬೇಕು, ಓಟಿಗೆ ಬೇಡ

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಹದಿನಾಲ್ಕು ವರ್ಷದಿಂದ ದುಡಿದು ತೆರಿಗೆ ಕಟ್ಟುತ್ತಿದ್ದಾನೆ. ಗ್ರೀನ್ ಕಾರ್ಡೂ ಇಲ್ಲ, ಓಟೂ ಇಲ್ಲ. ಪರದೇಶದವರಿಗೆ ಓಟು ಯಾಕೆ ಅಂತ ನಮ್ಮ ನೆಂಟರೇ ಕೇಳುತ್ತಾರೆ. ನೀವೇನಂತೀರಿ?'

ಮೇಷ್ಟ್ರೇ, ಪೌರರಾದವರಿಗಷ್ಟೇ ಓಟು ಅನ್ನುವುದರಲ್ಲಿ ನ್ಯಾಯವಿದೆ, ಒಪ್ಪಿದೆ. ಆದರೆ ನಿಮ್ಮ ನೆಂಟರು ಸ್ವಲ್ಪ ಇತಿಹಾಸ ಓದಲಿ. 19ನೇ ಶತಮಾನದಲ್ಲಿ ವಿಸ್ಕಾನ್ಸಿನ್‌ನಂಥ ಹಲವು ರಾಜ್ಯಗಳು, 'ಮುಂದೆ ಪೌರನಾಗುತ್ತೇನೆ' ಎಂದು ಬರೆದುಕೊಟ್ಟ ಬಿಳಿ ವಲಸಿಗನಿಗೆ ಓಟು ಕೊಟ್ಟಿದ್ದವು. ಆಗ ಉಳುವುದಕ್ಕೆ ಜನ ಬೇಕಿತ್ತು, ಅಲ್ವಾ! ಕೊನೆಯದಾಗಿ ಅರ್ಕನ್ಸಾಸ್ ರಾಜ್ಯ 1926ರಲ್ಲಿ ಆ ಬಾಗಿಲು ಹಾಕಿತು. ನಮ್ಮವರ ಕಥೆ ಬೇರೆ. ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್‌ಗೆ 1923ರಲ್ಲಿ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಎಂದಿತು. 1946ರಲ್ಲಿ ಕಾನೂನು ಬದಲಾಗಿ ಭಾರತೀಯರೂ ಪೌರರಾಗಬಹುದು ಎಂದಾಯಿತು. ಹತ್ತೇ ವರ್ಷಕ್ಕೆ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು.

ಇನ್ನೊಂದು ತಮಾಷೆ ನೋಡಿ. ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವ ಜನಗಣತಿಯಲ್ಲಿ ನಿಮ್ಮ ಮಗನ ತಲೆಯೂ ಲೆಕ್ಕಕ್ಕುಂಟು. 2020ರ ಗಣತಿಯಿಂದ ಡಲ್ಲಾಸ್ ಇರುವ ಟೆಕ್ಸಾಸ್‌ಗೆ ಎರಡು ಸೀಟು ಜಾಸ್ತಿ ಸಿಕ್ಕವು. ಎಣಿಸಿಕೊಂಡವನು ಮತಗಟ್ಟೆ ಹತ್ತಿರ ಸುಳಿಯುವ ಹಾಗಿಲ್ಲ!

ಪೌರರಾದ ಬಡವರ ಪಾಡೂ ಅಷ್ಟಕ್ಕಷ್ಟೇ. ವರ್ಜೀನಿಯಾದಲ್ಲಿ ಓಟು ಹಾಕಲು ಒಂದೂವರೆ ಡಾಲರ್ ತೆರಿಗೆ ಕಟ್ಟಬೇಕಿತ್ತು. 1966ರಲ್ಲಿ ಕೋರ್ಟು ಅದನ್ನು ತೆಗೆದುಹಾಕಿತು. ಆದರೆ ಮತದಾನ ಇವತ್ತಿಗೂ ಮಂಗಳವಾರ, ಅದೂ 1845ರ ಕಾನೂನಿನ ಪ್ರಕಾರ. ದೇಶಕ್ಕೆಲ್ಲ ರಜೆಯಿಲ್ಲ. ಗಂಟೆ ಲೆಕ್ಕದಲ್ಲಿ ಸಂಬಳ ಎಣಿಸುವವನು ಉದ್ದ ಸಾಲಿನಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಜಾರ್ಜಿಯಾ ರಾಜ್ಯ 2021ರಲ್ಲಿ ಒಂದು ಕಾನೂನು ಮಾಡಿತು: ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರಿನ ಬಾಟಲಿ ಕೊಟ್ಟರೂ ಅಪರಾಧ. ಅಮೆರಿಕದಲ್ಲಿ ದುಡ್ಡಿದ್ದವರು ಬಡವರಿಗಿಂತ ಜಾಸ್ತಿ ಓಟು ಹಾಕುತ್ತಾರೆ ಅಂದರೆ ಏನಾಶ್ಚರ್ಯ? ಅಂಥವರ ಓಟಿನಿಂದ ಗೆದ್ದವರು ಯಾರ ಮಾತು ಕೇಳುತ್ತಾರೆ, ನೀವೇ ಹೇಳಿ.

ನಮ್ಮಲ್ಲಿ ಉಲ್ಟಾ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನ ಶೇ. 80 ದಾಟಿತು. ಬೆಂಗಳೂರು ಅರ್ಧ ದಾಟಿ ಏದುಸಿರು ಬಿಟ್ಟಿತು. ಮತದಾನ ಶುಕ್ರವಾರ ಬಿದ್ದಿತ್ತು ನೋಡಿ, ಅದರ ಬೆನ್ನಿಗೇ ಶನಿವಾರ, ಭಾನುವಾರ. ಕಾಫಿತೋಟದ ರೆಸಾರ್ಟಿನಲ್ಲಿ ಕೂತು ಪ್ರಜಾಪ್ರಭುತ್ವ ಹಾಳಾಯಿತು ಅಂತ ಮೆಸೇಜ್ ಕಳಿಸುವವರಿಗೆ ನಾನು ಏನು ಹೇಳಲಿ!

ಅಂದ ಹಾಗೆ, ನಿಮ್ಮ ಮಗ ಇನ್ನೂ ಭಾರತದ ಪೌರನೇ. 6ಎ ಫಾರಂ ತುಂಬಿದರೆ ಸಾಗರದ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬಂದೇ ಓಟು ಹಾಕಬೇಕು. ವಿಮಾನದ ಟಿಕೆಟ್ಟಿನ ದುಡ್ಡನ್ನು ಮಾತ್ರ ಆಯೋಗ ಕೊಡುವುದಿಲ್ಲ.

- ಸಂ.